ಸರದಿಯ ಗಣಿತ

ಕೈಗಾರಿಕಾ ಇಂಜಿನಿಯರಿಂಗ್ ಎಂದೊಡನೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮ ವಿದ್ಯಾರ್ಥಿಗಳು ಯಂತ್ರಗಳನ್ನಷ್ಟೇ ನೆನೆಯುವರು. ಯಂತ್ರ, ಮನುಷ್ಯ, ಸಾಮಗ್ರಿ, ವೇಳೆ ಇವುಗಳನ್ನು ವ್ಯರ್ಥವಾಗದಂತೆ ಹೊಂದಿಸುವ ವಿದ್ಯೆ ಅದು. ಅದರ ಗಣಿತಾಂಗವೇ ಆಪರೇಷನ್ಸ್ ರಿಸರ್ಚ್. ಭೀಮಾತೀರದ ಕಬ್ಬನ್ನೇ ನೋಡಿರಿ: ಕಡಿದ ಮೇಲೆ ಕಾರ್ಖಾನೆಯ ಬಾಗಿಲಲ್ಲಿ ನಿಂತಷ್ಟೂ ಅದರ ತೂಕವೂ ಸಕ್ಕರೆಯಂಶವೂ ಇಳಿಯುತ್ತವೆ, ತೂಕದ ನಷ್ಟ ರೈತನದು. ಯಾವ ಹೊಲವನ್ನು ಯಾವ ದಿನ ಕಡಿಯಬೇಕು, ಎಷ್ಟು ಬಂಡಿಗಳು ಯಾವ ಹೊತ್ತಿಗೆ ಬರಬೇಕು ಎಂಬುದನ್ನು ಸರದಿಯ ಸಿದ್ಧಾಂತವೂ ಸಂಭವನೀಯತೆಯ ಲೆಕ್ಕವೂ ತಿಳಿಸಬಲ್ಲವು. ಎರಡನೆಯ ಮಹಾಯುದ್ಧಕಾಲದ ಬ್ರಿಟನ್ನಿನಲ್ಲಿ ಬೆಳೆದ ಈ ಶಾಸ್ತ್ರಕ್ಕೆ 1947ರಲ್ಲಿ ಡಾಂಟ್ಸಿಗರು ಸಿಂಪ್ಲೆಕ್ಸ್ ವಿಧಾನವನ್ನಿತ್ತರು. ವ್ಯಾಕರಣ ಬೋಧಿಸುವ ನನಗೆ ಇದು ಅನ್ಯವಿದ್ಯೆಯೇ. ಆದರೂ ಪಾಣಿನಿಯ ಲಾಘವವನ್ನು ಸವಿದವನಿಗೆ ಇದರ ರುಚಿ ಹತ್ತದಿರದು.

ಈ ಶಾಖೆಯನ್ನು ಬೋಧಿಸಿದ, 1958ರಲ್ಲಿ ಸ್ಥಾಪಿತವಾದ ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ನಮಗೆ ದೂರವಲ್ಲ. ಪಿಯುಸಿ ಗಣಿತದ ಲೀನಿಯರ್ ಪ್ರೋಗ್ರಾಮಿಂಗ್ ಅಧ್ಯಾಯವೇ ಇದರ ಹೊಸ್ತಿಲು. ಅದನ್ನು ಕಬ್ಬಿನ ಬಂಡಿಗಳ ಲೆಕ್ಕದಿಂದಲೇ ಕಲಿಸಬಾರದೇಕೆ?