ಬೇರಿನಲ್ಲಿ ಹುಟ್ಟುವ ಮದ್ದು

ಬೇಲಿಯ ಬದಿಯ ಉಮ್ಮತ್ತಿಯನ್ನು ನಮ್ಮ ಹಿರಿಯರು ವಿಷವೆಂದೂ ಬಲ್ಲರು, ಮದ್ದೆಂದೂ ಬಲ್ಲರು. ಎರಡೂ ನಿಜ. ಉಮ್ಮತ್ತಿ, ಖುರಾಸಾನಿ ಅಜವಾನ, ಬೆಲ್ಲಡೋನಾ ಮೊದಲಾದ ಬದನೆ ಕುಟುಂಬದ ಸಸ್ಯಗಳಲ್ಲಿ ಹಯೊಸಯಮೀನ್ ಮತ್ತು ಸ್ಕೋಪೊಲಮೀನ್ ಎಂಬ ಸಸ್ಯಕ್ಷಾರಗಳಿವೆ. ಕೀಟನಾಶಕದ ವಿಷವೇರಿದ ರೈತನಿಗೆ ಆಸ್ಪತ್ರೆಯಲ್ಲಿ ಕೊಡುವ ಅಟ್ರೊಪೀನ್ ಚುಚ್ಚುಮದ್ದು ಮೊದಲನೆಯದರ ಇನ್ನೊಂದು ರೂಪ. ಎರಡನೆಯದು ಪ್ರಯಾಣದ ವಾಂತಿಯನ್ನೂ ಶಸ್ತ್ರಚಿಕಿತ್ಸೆಯ ನಂತರದ ಓಕರಿಕೆಯನ್ನೂ ತಡೆಯುತ್ತದೆ. ಬೇಡಿಕೆ ಹೆಚ್ಚಿರುವುದು ಸ್ಕೋಪೊಲಮೀನಿಗೆ. ಬೆಲ್ಲಡೋನಾದಂತಹ ಗಿಡಗಳು ಹೆಚ್ಚಾಗಿ ಕೊಡುವುದು ಹಯೊಸಯಮೀನನ್ನು. ತೊಡಕು ಇರುವುದೇ ಇಲ್ಲಿ.

ಈ ಸಸ್ಯಕ್ಷಾರಗಳು ಹುಟ್ಟುವುದು ಬೇರಿನಲ್ಲಿ. ಅಲ್ಲಿಂದ ನೀರಿನೊಡನೆ ಎಲೆಗೇರುತ್ತವೆ. ಹಾಗಾದರೆ ಬೇರನ್ನಷ್ಟೇ ಬೆಳೆಸಬಾರದೇಕೆ? ಇದಕ್ಕೆ ದಾರಿ ತೋರಿದ್ದು ಅಗ್ರೊಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಮಣ್ಣಿನ ಸೂಕ್ಷ್ಮಾಣು. ಅದು ಗಿಡದ ಗಾಯಕ್ಕೆ ಸೋಂಕಿ ತನ್ನ ವಂಶವಾಹಿಗಳ ತುಣುಕೊಂದನ್ನು ಸಸ್ಯಕೋಶಕ್ಕೆ ಸೇರಿಸುತ್ತದೆ. ಆ ಜಾಗದಿಂದ ರೋಮದಂತಹ ಬೇರುಗಳು ಒತ್ತಾಗಿ ಹೊರಡುತ್ತವೆ. ಅವನ್ನು ಕತ್ತರಿಸಿ, ಸೂಕ್ಷ್ಮಾಣುವನ್ನು ನಾಶಗೊಳಿಸಿ, ಸಕ್ಕರೆ ಮತ್ತು ಲವಣಗಳ ದ್ರವದಲ್ಲಿಟ್ಟರೆ ಎಲೆ ಕಾಂಡಗಳ ಹಂಗಿಲ್ಲದೆ ಬೆಳೆಯುತ್ತವೆ. ನಮಗೆ ಬೇಕಾದ ಬೇರೆ ವಂಶವಾಹಿಯನ್ನೂ ಅದೇ ಸೂಕ್ಷ್ಮಾಣುವಿನ ಮೂಲಕ ಒಳಗೆ ಕಳುಹಿಸಬಹುದು.

ಬೇರಿನೊಳಗಿನ ಈ ತಯಾರಿಕೆಯನ್ನು ಕಾಲುವೆಗೆ ಹೋಲಿಸಬಹುದು. ಮೇಲಿನ ತೂಬೊಂದು ಕಚ್ಚಾವಸ್ತುವನ್ನು ಈ ಕಾಲುವೆಗೆ ಹರಿಸುತ್ತದೆ; ಕೊನೆಯ ತೂಬು ಹಯೊಸಯಮೀನನ್ನು ಸ್ಕೋಪೊಲಮೀನಾಗಿ ಮಾರ್ಪಡಿಸುತ್ತದೆ. 1992ರಲ್ಲಿ ಜಪಾನಿನ ವಿಜ್ಞಾನಿಗಳು ಕೊನೆಯ ತೂಬಿನ ವಂಶವಾಹಿಯನ್ನು ಬೆಲ್ಲಡೋನಾ ಗಿಡಕ್ಕೆ ಸೇರಿಸಿದಾಗ ಅದರ ಎಲೆ ಕಾಂಡಗಳಲ್ಲಿ ಬಹುತೇಕ ಸ್ಕೋಪೊಲಮೀನೇ ತುಂಬಿತು. 2004ರಲ್ಲಿ ಚೀನಾದ ವಿಜ್ಞಾನಿಗಳು ಖುರಾಸಾನಿ ಅಜವಾನದ ಬೇರುಗಳಲ್ಲಿ ಎರಡೂ ತೂಬುಗಳನ್ನು ಒಟ್ಟಿಗೆ ತೆರೆದರು. ಅತ್ಯುತ್ತಮ ಬೇರು ಲೀಟರಿಗೆ 411 ಮಿಲಿಗ್ರಾಂ ಸ್ಕೋಪೊಲಮೀನ್ ಕೊಟ್ಟಿತು, ಸಾಮಾನ್ಯ ಬೇರಿಗಿಂತ 9 ಪಟ್ಟಿಗೂ ಹೆಚ್ಚು. ಒಂದೇ ತೂಬು ತೆರೆದಾಗ ಇಷ್ಟು ಫಲ ಸಿಕ್ಕಿರಲಿಲ್ಲ.

ಆದರೂ ಪ್ರಯೋಗಶಾಲೆಯ ಶೀಷೆ ಬೇರೆ, ಕಾರ್ಖಾನೆಯ ತೊಟ್ಟಿ ಬೇರೆ. ದೊಡ್ಡ ತೊಟ್ಟಿಯಲ್ಲಿ ಬೇರುಗಳು ತೆಂಗಿನ ನಾರಿನಂತೆ ಹೆಣೆದುಕೊಂಡು, ನಡುವಿನ ಬೇರುಗಳಿಗೆ ಗಾಳಿ ತಲುಪುವುದಿಲ್ಲ. ಕಲಕಿದರೆ ಬೇರು ತುಂಡಾಗುತ್ತದೆ. ಆಸ್ಟ್ರೇಲಿಯಾ ಮೂಲದ ಡುಬೋಯಿಸಿಯಾ ಮರದ ಎಲೆಯೇ ಸ್ಕೋಪೊಲಮೀನಿನ ಮುಖ್ಯ ಆಕರವಾಗಿ ಉಳಿದಿರುವುದರಲ್ಲಿ ಆಶ್ಚರ್ಯವಿಲ್ಲ.

ವಂಶವಾಹಿ ಬದಲಿಸಿದ ಬೇರಿನ ಮದ್ದು ದೇಹಕ್ಕೆ ಬೇರೆಯೇ ಎಂಬ ಶಂಕೆ ಸಹಜ. ಶುದ್ಧೀಕರಿಸಿದ ಸ್ಕೋಪೊಲಮೀನ್ ಯಾವ ಬೇರಿನಿಂದ ಬಂದರೂ ಅದೇ ವಸ್ತು. ನಿಜವಾಗಿ ಅಂಜಬೇಕಾದದ್ದು ಅಳತೆಯಿಲ್ಲದ ಸೇವನೆಗೆ. ಉಮ್ಮತ್ತಿಯಲ್ಲಿ ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬೇರೆ. ಮನೆಮದ್ದೆಂದು ಅದರ ಬೀಜವನ್ನಾಗಲಿ ಎಲೆಯನ್ನಾಗಲಿ ಸೇವಿಸಲೇಬಾರದು. ಯಾರಾದರೂ ತಿಂದು ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಬಡಬಡಿಸತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ತಿಂದ ಗಿಡದ ತುಂಡೊಂದನ್ನು ವೈದ್ಯರಿಗೆ ತೋರಿಸಲು ಜೊತೆಗೊಯ್ಯಿರಿ.