ನಿಧಾನದ ಬಲ

ವೇಗವೇ ಬಲವೆಂದು ನಾವೆಲ್ಲ ನಂಬುತ್ತೇವೆ. ಅಧ್ಯಾಪಕನಾದ ನಾನೂ ತಟ್ಟನೆ ಉತ್ತರಿಸಿದವನೇ ಜಾಣನೆಂದು ಬಹುಕಾಲ ಬಗೆದಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಒಂದು ಮೇಣದ ತುಂಡಿನ ಕಥೆ.

1934ರ ಅಕ್ಟೋಬರ್. ರೋಮ್ ನಗರದಲ್ಲಿ ಎನ್ರಿಕೊ ಫರ್ಮಿಯವರೂ ಅವರ ಸಂಗಡಿಗರೂ ಬೆಳ್ಳಿಯ ಮೇಲೆ ನ್ಯೂಟ್ರಾನುಗಳನ್ನು ಹಾಯಿಸುತ್ತಿದ್ದರು. ಅಮೃತಶಿಲೆಯ ಮೇಜಿಗಿಂತ ಮರದ ಮೇಜಿನ ಮೇಲೆ ಬೆಳ್ಳಿ ಹೆಚ್ಚು ವಿಕಿರಣಶೀಲವಾಗುತ್ತಿತ್ತು. ಫರ್ಮಿಯವರು ನಡುವೆ ಪ್ಯಾರಫಿನ್ ಮೇಣವನ್ನಿರಿಸಿದರು. ಫಲ ಹಲವು ಮಡಿ ಏರಿತು.

ಇದರ ಮರ್ಮ ಗೋಲಿಯಾಡುವ ಹುಡುಗರಿಗೂ ಗೊತ್ತು. ಗೋಲಿಯು ದೊಡ್ಡ ಗುಂಡಿಗೆ ಬಡಿದರೆ ವೇಗಗುಂದದೆ ಹಿಂದಕ್ಕೆ ಚಿಮ್ಮುತ್ತದೆ. ಸಮತೂಕದ ಗೋಲಿಗೆ ನೇರವಾಗಿ ಬಡಿದರೆ ತನ್ನ ವೇಗವನ್ನೆಲ್ಲ ಅದಕ್ಕಿತ್ತು ನಿಲ್ಲುತ್ತದೆ. ಮೇಣದಲ್ಲಿಯೂ ಮರದಲ್ಲಿಯೂ ಇರುವ ಹೈಡ್ರೋಜನ್ನಿನ ಬೀಜಕೇಂದ್ರವು ಹೆಚ್ಚುಕಡಮೆ ನ್ಯೂಟ್ರಾನಿನಷ್ಟೇ ತೂಕದ್ದು. ಒಂದೊಂದು ಡಿಕ್ಕಿಗೂ ನ್ಯೂಟ್ರಾನು ಸರಾಸರಿ ಅರ್ಧ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಯುರೇನಿಯಂ ಒಡೆದಾಗ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್ ವೇಗದಲ್ಲಿ ಹೊರಟದ್ದು, ಹೈಡ್ರೋಜನ್ನಿನೊಡನೆ 18ರಷ್ಟು ಡಿಕ್ಕಿಗಳಾಗುವಲ್ಲಿ 2.2 ಕಿಲೋಮೀಟರಿಗೆ ಇಳಿಯುತ್ತದೆ. ಓಟದ ನ್ಯೂಟ್ರಾನು ಬೀಜಕೇಂದ್ರವನ್ನು ದಾಟಿಹೋಗುತ್ತದೆ. ನಿಧಾನದ್ದು ಅದರ ಬಳಿ ಹೆಚ್ಚು ಹೊತ್ತು ಸುಳಿದು ಒಳಹೊಗುತ್ತದೆ. ಯುರೇನಿಯಂ 235 ಒಡೆಯುವ ಸಂಭವ ಇದರಿಂದ ನೂರಾರು ಮಡಿಯಾಗುತ್ತದೆ.

ಪರಮಾಣು ವಿದ್ಯುತ್ ಸ್ಥಾವರಗಳು ಬಹುಪಾಲು ನಡೆಯುವುದು ಈ ನಿಧಾನದ ಬಲದಿಂದಲೇ. ನಮ್ಮ ಕಾಳೀನದಿಯ ದಡದ ಕೈಗಾದಲ್ಲಿ ನ್ಯೂಟ್ರಾನಿನ ಆವೇಗವನ್ನು ತಣಿಸುವುದು ಭಾರಜಲ.

ಈಗ ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ನಾನು ತುಸು ಕಾಯುತ್ತೇನೆ. ಹಿಂದಿನ ಬೆಂಚಿನಿಂದ ತಡವಾಗಿ ಏಳುವ ಕೈ, ಎಷ್ಟೋ ಸಲ, ವಿಷಯದ ತಿರುಳನ್ನೇ ಮುಟ್ಟಿರುತ್ತದೆ.