ತಾರಸಿಯ ಮೇಲೆ ಹಾರಿ ಬಂದ ಕಣ್ಣು

ಶಿವರಾತ್ರಿ ಕಳೆದು ಬಿಸಿಲು ಚುರುಕಾಯಿತೆಂದರೆ ನಮ್ಮ ಮನೆಗಳಲ್ಲಿ ಹಪ್ಪಳ, ಸಂಡಿಗೆಯ ಕೆಲಸ ಶುರು. ಹೋದ ವರ್ಷವೂ ಹಾಗೇ ಆಯ್ತು. ಬೆಳಗಿನ ಜಾವ ಎದ್ದು ಅಕ್ಕಿ ಸಂಡಿಗೆಗೆ ಹಿಟ್ಟು ಕಾಸಿಕೊಂಡು, ತಾರಸಿಯ ಮೇಲೆ ಹಳೇ ಪಂಚೆ ಹಾಸಿ, ಒತ್ತಲು ಕೂತಿದ್ದೆ. ನೀರಿನ ತೊಟ್ಟಿಯ ನೆರಳಲ್ಲಿ ಮಗಳು ಎಣ್ಣೆ ನೀರು ಹಾಕಿಕೊಂಡ ಕೂದಲು ಹರಡಿಕೊಂಡು, ಮನೆ ಬಟ್ಟೆಯಲ್ಲೇ ಕೂತು ಪರೀಕ್ಷೆಗೆ ಓದ್ತಾ ಇದ್ದಳು.

ಇದ್ದಕ್ಕಿದ್ದ ಹಾಗೆ ಗುಂಯ್ ಅಂತ ಸದ್ದು. ಎಲ್ಲೋ ಜೇನು ಎದ್ದಿರಬೇಕು ಅಂತ ಸೆರಗು ತಲೆಗೆ ಎಳೆದುಕೊಂಡೆ. ನೋಡಿದರೆ ಜೇನಲ್ಲ! ಹಿಂದಿನ ಮನೆಯ ತೆಂಗಿನ ಮರಕ್ಕಿಂತ ಸ್ವಲ್ಪ ಮೇಲೆ, ನಾಲ್ಕು ಕೈ ಚಾಚಿದ ಜೇಡದಂಥ ಯಂತ್ರ. ಹೊಟ್ಟೆಯ ಕೆಳಗೆ ಒಂದು ಗಾಜಿನ ಕಣ್ಣು. ಅದು ನಮ್ಮ ತಾರಸಿಯ ನೇರಕ್ಕೇ ಬಂದು ನಿಂತುಬಿಟ್ಟಿತು. ಮಗಳು ಪುಸ್ತಕವನ್ನೂ ಬಿಟ್ಟು ಕೆಳಗೆ ಓಡಿದಳು. ನಾನು ಕೈಯಲ್ಲಿ ಸಂಡಿಗೆ ಒರಳು ಹಿಡಿದುಕೊಂಡು ಬೆಪ್ಪಾಗಿ ಅದನ್ನೇ ನೋಡ್ತಾ ನಿಂತೆ. ಎರಡು ಮೂರು ನಿಮಿಷ ಕಳೆದು ಅದು ಪಕ್ಕದ ಮನೆಗೆ ಹೋಯಿತು.

ಸಂಜೆ ಗೊತ್ತಾಯಿತು, ಅದು ಕಂದಾಯಕ್ಕಾಗಿ ಮನೆಗಳನ್ನು ಅಳೆಯಲು ಒಂದು ಸರಕಾರಿ ಕಚೇರಿ ಕಳಿಸಿದ ಡ್ರೋನ್ ಅಂತ. ಕಳ್ಳರಲ್ಲ, ಪೋಕರಿಗಳಲ್ಲ ಅಂತ ಸಮಾಧಾನವಾಯಿತೇನೋ ಸರಿ. ಆದರೆ ಮಗಳು ಮಾತ್ರ ಅಂದಿನಿಂದ ತಾರಸಿ ಹತ್ತುವುದನ್ನೇ ಬಿಟ್ಟಳು. ಒಗೆದ ಬಟ್ಟೆಯನ್ನೂ ಒಳಗೇ ಹರವುತ್ತಾಳೆ.

ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, "ತಪ್ಪು ಮಾಡದವರಿಗೆ ಭಯ ಯಾಕೆ?" ಅಂದರು.

"ಹಾಗಾದರೆ ಬಚ್ಚಲಮನೆ ಬಾಗಿಲಿಗೆ ಚಿಲಕ ಯಾಕೆ ಹಾಕಿಸಿದ್ದೀರಿ?" ಅಂತ ಕೇಳಿದೆ. ಪೇಪರು ಕೆಳಗಿಳಿಯಿತು.

ಅಂದಿನಿಂದ ಈ ವಿಷಯ ನನ್ನ ತಲೆಗೆ ಹತ್ತಿಕೊಂಡಿತು. ಲೈಬ್ರರಿಗೆ ಹೋಗಿ ಓದಿದೆ. ಪರಿಚಯದ ವಕೀಲರೊಬ್ಬರ ಹೆಂಡತಿಯ ತಲೆ ತಿಂದೆ. ನಾನೇನೂ ಹೆಚ್ಚು ಓದಿದವಳಲ್ಲ, ಹೈಸ್ಕೂಲಿಗೇ ನಿಂತವಳು. ಆದರೂ ತಿಳಿದುಕೊಂಡಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕು ಅನ್ನಿಸಿತು.

ಇದೇ ಯಂತ್ರ ಅಮ್ಮನಿಗೆ ಮಾಡಿದ ಉಪಕಾರ

ಡ್ರೋನ್ ಅಂದರೆ ಕೆಟ್ಟದ್ದು ಅಂತ ನಾನು ಹೇಳಲಾರೆ. ಹೇಳಿದರೆ ನನ್ನ ಅಮ್ಮನೇ ಬಯ್ದಾಳು!

ಅಮ್ಮ ಇರುವುದು ಹಳ್ಳಿಯಲ್ಲಿ, ಗ್ರಾಮಠಾಣದ ಹಳೇ ಮನೆಯಲ್ಲಿ. ಮೂರು ತಲೆಮಾರಿನ ಮನೆಯಾದರೂ ಕೈಯಲ್ಲಿ ಸರಿಯಾದ ಒಂದು ಕಾಗದ ಇರಲಿಲ್ಲ. ಅಪ್ಪ ಹೋದ ಮೇಲೆ ದಾಯಾದಿಗಳು ಹಿತ್ತಲಿನ ಜಾಗ ತಮ್ಮದು ಅಂತ ತಗಾದೆ ತೆಗೆದರು. ಅಷ್ಟರಲ್ಲಿ ಸ್ವಾಮಿತ್ವ ಯೋಜನೆ ಬಂತು. ಕೇಂದ್ರ ಸರಕಾರ 2020ರ ಏಪ್ರಿಲ್ 24ರಂದು ಇದನ್ನು ಶುರು ಮಾಡಿತು. ಮೊದಲ ಹಂತದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಹಳ್ಳಿಯ ಮನೆಗಳನ್ನು ಡ್ರೋನ್ ಹಾರಿಸಿ ಅಳೆದು, ನಕ್ಷೆ ಮಾಡಿ, ಮನೆಯವರಿಗೆ ಆಸ್ತಿ ಕಾರ್ಡು ಕೊಡುವ ಕೆಲಸ.

ಅಮ್ಮನ ಊರಿನಲ್ಲಿ ಮೊದಲು ಸಭೆ ಸೇರಿಸಿ ತಿಳಿಸಿದರು. ಹಿಂದಿನ ದಿನ ಡಂಗುರ ಹೊಡೆಸಿದರು. ಪಂಚಾಯಿತಿಯವರು, ಅಕ್ಕಪಕ್ಕದವರು ನಿಂತು ನೋಡುತ್ತಿರುವಾಗಲೇ ಪ್ರತಿ ಮನೆಯ ಸುತ್ತ ಸುಣ್ಣದ ಗೆರೆ ಎಳೆಸಿದರು. ಆ ಬಿಳಿ ಗೆರೆಯೇ ಮೇಲಿನಿಂದ ಡ್ರೋನಿಗೆ ಕಾಣುವ ಗುರುತು. ಅಮ್ಮ ರಂಗೋಲಿ ಹಾಕುವ ಕೈಯಲ್ಲೇ ತನ್ನ ಹಿತ್ತಲಿಗೂ ಗೆರೆ ಎಳೆದಳಂತೆ! ನಕ್ಷೆ ಬಂದ ಮೇಲೆ ತಕರಾರು ಹೇಳಲು ಅವಕಾಶವೂ ಇತ್ತು. ಕಡೆಗೆ ಅವಳ ಹೆಸರಿಗೆ ಕಾರ್ಡು ಬಂತು. ಅದನ್ನು ಅವಳು ತಾಳಿ ಡಬ್ಬಿಯ ಜೊತೆ ಇಟ್ಟುಕೊಂಡಿದ್ದಾಳೆ.

ಹೊಲಕ್ಕೆ ಔಷಧಿ ಹೊಡೆಯಲೂ ಡ್ರೋನ್ ಬಂದಿದೆ. 2023ರಲ್ಲಿ ಘೋಷಿಸಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಸ್ತ್ರೀಶಕ್ತಿ ಗುಂಪುಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡರು. ಹೆಣ್ಣುಮಕ್ಕಳು ಇದನ್ನು ಹಾರಿಸಿ ದುಡಿಯುತ್ತಾರೆಂದರೆ ಯಾರಿಗೆ ಸಂತೋಷವಿಲ್ಲ?

ಹಾಗಾದರೆ ಅಮ್ಮನ ಮನೆಯ ಡ್ರೋನಿಗೂ ನಮ್ಮ ತಾರಸಿಯ ಡ್ರೋನಿಗೂ ವ್ಯತ್ಯಾಸವೇನು? ಅಲ್ಲಿ ಹೇಳಿ ಬಂದರು. ಇಲ್ಲಿ ಹೇಳದೆ ಬಂದರು. ನೆಂಟರಾದರೂ ಬಾಗಿಲು ತಟ್ಟಿ ಬರುವುದು ರೂಢಿಯಲ್ಲವೇ?

ಲಾಕ್‌ಡೌನ್ ದಿನಗಳ ನೆನಪು

2020ರ ಲಾಕ್‌ಡೌನ್ ನಿಮಗೆ ನೆನಪಿರಬೇಕು. ಜನ ಗುಂಪು ಸೇರದಂತೆ ನೋಡಲು ಹಲವು ಊರುಗಳಲ್ಲಿ ಪೊಲೀಸರು ಡ್ರೋನ್ ಹಾರಿಸಿದರು. ಕೇರಳದಲ್ಲಿ ಡ್ರೋನ್ ಕಂಡು ಮುಖ ಮುಚ್ಚಿಕೊಂಡು ತೋಟದೊಳಗೆ ಓಡುವವರ ಚಿತ್ರಗಳು ಮೊಬೈಲಿನಲ್ಲಿ ಮನೆಮನೆಗೂ ಬಂದವು. ನಾವೂ ನಕ್ಕೆವು, ಸುಳ್ಳೇಕೆ ಹೇಳಲಿ? ಈಗ ಯೋಚಿಸಿದರೆ ಹಾಗೆ ಓಡಿದವರಲ್ಲಿ ನನ್ನ ಮಗಳೇ ಕಾಣಿಸುತ್ತಾಳೆ.

ಅದೇ ದಿನಗಳಲ್ಲಿ ಫ್ರಾನ್ಸಿನ ಪ್ಯಾರಿಸ್ ನಗರದಲ್ಲೂ ಪೊಲೀಸರು ಹೀಗೇ ಡ್ರೋನ್ ಹಾರಿಸುತ್ತಿದ್ದರು. ಎರಡು ಸಂಘಗಳು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯಕ್ಕೆ ಹೋದವು. ಪೊಲೀಸರು, "ನಾವು 80ರಿಂದ 100 ಮೀಟರ್ ಎತ್ತರದಲ್ಲಿ ಹಾರಿಸುತ್ತೇವೆ, ಯಾರ ಮುಖವೂ ಗುರುತು ಸಿಗುವುದಿಲ್ಲ" ಎಂದು ವಾದಿಸಿದರು. ಆದರೆ ಆ ಯಂತ್ರ ಕೆಳಗಿಳಿಯಬಲ್ಲದು, ದೂರದ್ದನ್ನು ಹತ್ತಿರ ಮಾಡಿ ತೋರಿಸಬಲ್ಲದು, ಮುಖ ಗುರುತಿಸದಂತೆ ತಡೆಯುವ ಏರ್ಪಾಡು ಅದರಲ್ಲಿಲ್ಲ ಎಂಬುದನ್ನು ನ್ಯಾಯಾಲಯ ಗಮನಿಸಿತು. 2020ರ ಮೇ 18ರಂದು ಆ ಹಾರಾಟ ನಿಲ್ಲಿಸಿ ಎಂದಿತು. ಆಮೇಲೆ 2022ರಲ್ಲಿ ಅಲ್ಲಿನ ಸರಕಾರ ಕಾನೂನು ಮಾಡಿಕೊಂಡು, ಇಂಥಿಂಥ ಕಾರಣಕ್ಕೆ, ಅಧಿಕಾರಿಯ ಅನುಮತಿ ಪಡೆದು ಹಾರಿಸಬಹುದು ಎಂದು ನಿಯಮ ಹಾಕಿತು. ಮೊದಲು ಕಾನೂನು, ಆಮೇಲೆ ಹಾರಾಟ. ಅದು ಕ್ರಮ.

ರಾತ್ರಿ ಬಾಗಿಲು ಬಡಿಯುತ್ತಿದ್ದ ಪೊಲೀಸರು

ನಮ್ಮ ದೇಶದಲ್ಲಿ ಈ ಪ್ರಶ್ನೆ ಡ್ರೋನಿಗಿಂತ ಎಷ್ಟೋ ಹಳೆಯದು. ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬಾತ ಇದ್ದ. 1941ರಲ್ಲಿ ಒಂದು ದರೋಡೆ ಕೇಸಿನಲ್ಲಿ ಹಿಡಿದು, ಸಾಕ್ಷಿ ಇಲ್ಲವೆಂದು ಬಿಟ್ಟಿದ್ದರು. ಆದರೂ ಪೊಲೀಸರು ಅವನ ಹೆಸರಿನಲ್ಲಿ ಕಡತ ತೆರೆದರು. ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ಬಡಿದು, ಕೂಗಿ, ನಿದ್ದೆಯಿಂದ ಎಬ್ಬಿಸುತ್ತಿದ್ದರು. ಆತ ಸುಪ್ರೀಂ ಕೋರ್ಟಿಗೆ ಹೋದ. 1962ರಲ್ಲಿ ಕೋರ್ಟು, ರಾತ್ರಿ ಹೀಗೆ ಮನೆಗೆ ಬರುವುದು ತಪ್ಪು ಎಂದಿತು. ಆದರೆ ಖಾಸಗಿತನ ಎನ್ನುವ ಹಕ್ಕು ನಮ್ಮ ಸಂವಿಧಾನದಲ್ಲಿ ಖಾತರಿಯಾಗಿಲ್ಲ ಎಂದೂ ಹೇಳಿಬಿಟ್ಟಿತು.

ಆ ಮಾತನ್ನು ಅಳಿಸಿ ಹಾಕಲು 55 ವರ್ಷ ಬೇಕಾಯಿತು. ಅದಕ್ಕೆ ಕಾರಣರಾದವರು ನಮ್ಮವರೇ ಎಂದರೆ ನಿಮಗೆ ಹೆಮ್ಮೆಯಾದೀತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಮೊಮ್ಮಕ್ಕಳ ಜೊತೆ ಹಾಯಾಗಿರಬಹುದಾದ 86ರ ವಯಸ್ಸಿನಲ್ಲಿ, ಆಧಾರ್ ಪದ್ಧತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಕೇಸಿನಿಂದಲೇ ಖಾಸಗಿತನದ ಪ್ರಶ್ನೆ ಎದ್ದು, 9 ನ್ಯಾಯಮೂರ್ತಿಗಳ ಪೀಠ ಕೂತಿತು. ಅವರಲ್ಲಿ ನಮ್ಮ ದಕ್ಷಿಣ ಕನ್ನಡದ ನ್ಯಾಯಮೂರ್ತಿ ಅಬ್ದುಲ್ ನಜೀರ್ ಅವರೂ ಒಬ್ಬರು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಂದೇ ದನಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದರು. ಮುಂದಿನ ವರ್ಷ ಆಧಾರ್ ಕೆಲವು ಮಿತಿಗಳೊಂದಿಗೆ ಉಳಿದುಕೊಂಡಿತು. ಆದರೆ ಈ ಹಕ್ಕು ಮಾತ್ರ ನಮ್ಮದಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಮೂರು ಪ್ರಶ್ನೆಗಳು

ಹಕ್ಕು ಇದೆ ಎಂದ ಮಾತ್ರಕ್ಕೆ ಸರಕಾರ ಏನನ್ನೂ ನೋಡಲೇಬಾರದು ಎಂದಲ್ಲ. ಕಳ್ಳರನ್ನು ಹಿಡಿಯಬೇಡವೇ? ಪ್ರವಾಹದಲ್ಲಿ ಸಿಕ್ಕಿಕೊಂಡವರನ್ನು ಹುಡುಕಬೇಡವೇ? ಅದಕ್ಕೇ ಆ ತೀರ್ಪಿನಲ್ಲಿ ಒಂದು ಅಳತೆಗೋಲು ಕೊಟ್ಟಿದ್ದಾರೆ. ಒಂದು, ಹಾಗೆ ನೋಡಲು ಕಾನೂನು ಇದೆಯೇ? ಎರಡು, ಉದ್ದೇಶ ನ್ಯಾಯವಾದದ್ದೇ? ಮೂರು, ಆ ಉದ್ದೇಶಕ್ಕೆ ಬೇಕಾದಷ್ಟೇ ನೋಡುತ್ತಿದ್ದಾರೆಯೇ, ಅಥವಾ ಅದಕ್ಕಿಂತ ಹೆಚ್ಚೇ?

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಕ್ಕಿಯಲ್ಲಿ ಕಲ್ಲು ಆರಿಸಲು ಮೊರ ಕೊಟ್ಟರೆ ಕಲ್ಲನ್ನಷ್ಟೇ ಆರಿಸಬೇಕು. ಅಕ್ಕಿಯನ್ನೇ ಮೂಟೆ ಕಟ್ಟಿಕೊಂಡು ಹೋಗಬಾರದು. ಮನೆಯ ಉದ್ದ ಅಗಲ ಅಳೆಯಲು ಬಂದ ಡ್ರೋನಿಗೆ ಗೋಡೆ ಬೇಕು, ಸೂರು ಬೇಕು. ತಲೆಗೂದಲು ಒಣಗಿಸುವ ಹುಡುಗಿ ಬೇಕಾಗಿಲ್ಲ.

ಹಾಗಾದರೆ ನಿಯಮ ಇಲ್ಲವೇ ಅಂತ ಕೇಳುತ್ತೀರಿ. ಇವೆ. 2021ರ ಆಗಸ್ಟಿನಲ್ಲಿ ಡ್ರೋನ್ ನಿಯಮಗಳು ಬಂದವು. 250 ಗ್ರಾಂ, ಅಂದರೆ ಕಾಲು ಕೆಜಿ ಬೆಣ್ಣೆಯಷ್ಟು ತೂಗುವ ಪುಟಾಣಿಯಿಂದ ಹಿಡಿದು 150 ಕೆಜಿಗೂ ಮೀರಿದ ದೈತ್ಯನವರೆಗೆ ಐದು ವರ್ಗ ಮಾಡಿದರು. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಡ, ವಿಮಾನ ನಿಲ್ದಾಣ ಮುಂತಾದ ಕಡೆ ಬೇಕು ಎಂದರು. ಎಷ್ಟು ಎತ್ತರ, ಎಲ್ಲಿ, ಯಾರು ಹಾರಿಸಬೇಕು ಎಂಬುದೆಲ್ಲ ಅದರಲ್ಲಿದೆ. ಆದರೆ ಆ ಕಣ್ಣು ಏನು ನೋಡಿತು, ನೋಡಿದ್ದನ್ನು ಏನು ಮಾಡಬೇಕು ಎಂಬುದಕ್ಕೆ ಅಲ್ಲಿ ಒಂದು ಅಧ್ಯಾಯವೂ ಇರಲಿಲ್ಲ.

2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ ಒಂದು ಕಾಯಿದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಂದು, ಹಂತಹಂತವಾಗಿ ಜಾರಿಗೆ ಎಂದರು. ಒಳ್ಳೆಯದೇ. ಆದರೆ ಅದರಲ್ಲೇ, ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ಸರಕಾರ ತಾನು ಹೆಸರಿಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು ಎಂದೂ ಇದೆ. ಬೇಲಿ ಹಾಕಿದವರೇ ಬೇಲಿಯಲ್ಲಿ ಕಂಡಿ ಇಟ್ಟುಕೊಂಡ ಹಾಗಲ್ಲವೇ ಇದು?

ನಾನು ಕೊಟ್ಟ ಅರ್ಜಿ

ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಆ ಕಚೇರಿಗೇ ಹೋದೆ. ಗುಮಾಸ್ತರೊಬ್ಬರು ನಕ್ಕರು. "ನಿಮ್ಮ ಸಂಡಿಗೆ ನೋಡೋಕೆ ಯಾರಿಗಮ್ಮ ಪುರುಸೊತ್ತಿದೆ?"

ಮುಖ ಸಪ್ಪೆಯಾಯಿತು. ಆದರೂ ಮನೆಗೆ ಬಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಅಕ್ಷರ ದುಂಡಗೆ ಇರಲಿ ಅಂತ ಮಗಳೇ ಬರೆದುಕೊಟ್ಟಳು. ಡ್ರೋನ್ ಹಾರಿಸಲು ಯಾರು ಆದೇಶ ಕೊಟ್ಟರು? ಚಿತ್ರಗಳು ಯಾರ ಬಳಿ ಇವೆ? ಎಷ್ಟು ದಿನ ಇಡುತ್ತಾರೆ? ಇಷ್ಟೇ.

ಇಪ್ಪತ್ತೆಂಟನೇ ದಿನ ಉತ್ತರ ಬಂತು. ಆದೇಶದ ಪ್ರತಿ ಲಗತ್ತಿಸಿದ್ದರು. ಚಿತ್ರಗಳು ಗುತ್ತಿಗೆ ಹಿಡಿದವರ ಬಳಿ ಇವೆ ಎಂದಿತ್ತು. ಮೂರನೆಯ ಪ್ರಶ್ನೆಗೆ "ಮಾಹಿತಿ ಲಭ್ಯವಿಲ್ಲ". ಅಂದರೆ, ನಮ್ಮ ತಾರಸಿಯ ಚಿತ್ರ ಎಲ್ಲೋ ಯಾರದೋ ಕಂಪ್ಯೂಟರಿನಲ್ಲಿದೆ, ಎಷ್ಟು ದಿನ ಇರುತ್ತದೆಂದು ತೆಗೆಸಿದವರಿಗೇ ಗೊತ್ತಿಲ್ಲ! ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಿದ್ದೇನೆ. ಈ ಸಲ ನಮ್ಮನೆಯವರೇ ಹೋಗಿ ರಿಜಿಸ್ಟರ್ ಮಾಡಿ ಬಂದರು.

ನೀವೇನು ಮಾಡಬಹುದು?

* ನಿಮ್ಮ ಓಣಿಯಲ್ಲಿ ಡ್ರೋನ್ ಕಂಡರೆ ದಿನ, ಹೊತ್ತು, ಎಷ್ಟು ಹೊತ್ತು ನಿಂತಿತ್ತು ಎಂದು ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ.

* ಕಲ್ಲು ಹೊಡೆದು ಬೀಳಿಸಲು ಹೋಗಬೇಡಿ. ಕೇಸು ನಿಮ್ಮ ಮೇಲೇ ಬಂದೀತು. ತಲೆಯ ಮೇಲೆ ಬಿದ್ದರೂ ಅಪಾಯ.

* ಸರಕಾರದ ಕೆಲಸವೆಂದು ತಿಳಿದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿಗೆ ದಾರಿಯಿದೆ.

* ಸ್ನಾನ ಮಾಡುವ, ಬಟ್ಟೆ ಬದಲಿಸುವಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೇ 1ರಿಂದ 3 ವರ್ಷದ ಸಜೆ. ನಾಚಿಕೆಪಟ್ಟು ಮುಚ್ಚಿಡದೆ ಪೊಲೀಸರಿಗೆ ದೂರು ಕೊಡಿ.

* ವಾರ್ಡು ಸಭೆ, ಗ್ರಾಮಸಭೆಗೆ ನೀವೂ ಹೋಗಿ. ಡ್ರೋನ್ ಹಾರಿಸುವ ಮುನ್ನ ದಿನ, ವೇಳೆ ತಿಳಿಸಬೇಕು, ಕೆಲಸ ಮುಗಿದ ಮೇಲೆ ಬೇಡದ ಚಿತ್ರ ಅಳಿಸಬೇಕು ಎಂದು ಠರಾವು ಮಾಡಿಸಿ.

ಈ ಕಡೆಯ ಮಾತು ಎಲ್ಲಕ್ಕಿಂತ ಮುಖ್ಯ. ನಮ್ಮಂಥ ಊರುಗಳಲ್ಲಿ ಹೆಂಗಸರಿಗೆ ಇರುವ ಜಾಗವೇ ಇಷ್ಟು. ಮುಂದಿನ ಜಗಲಿ ಗಂಡಸರದ್ದು, ಅಡಿಗೆಮನೆ ಕೆಲಸದ್ದು. ಒಂದು ಗಳಿಗೆ ಸೆರಗು ಸಡಿಲಿಸಿ, ಗಾಳಿಗೆ ಮೈಯೊಡ್ಡಿ, ಪಕ್ಕದ ಮನೆಯವಳ ಜೊತೆ ಕಷ್ಟಸುಖ ಮಾತಾಡಲು ಇರುವುದು ಹಿತ್ತಲು ಮತ್ತು ತಾರಸಿ. ಅದೂ ಹೋದರೆ ನಾವೆಲ್ಲಿಗೆ ಹೋಗೋಣ?

ಈ ವರ್ಷದ ಸಂಡಿಗೆ ಇನ್ನೂ ಆಗಿಲ್ಲ. ಬರುವ ಭಾನುವಾರ ಹಿಟ್ಟು ಕಾಸಬೇಕು ಅಂತ ಇದ್ದೇನೆ. ಮಗಳನ್ನು "ಮೇಲೆ ಬಂದು ಒತ್ತಿಕೊಡ್ತೀಯೇನೇ?" ಅಂತ ಕೇಳಿದೆ. "ಮೊದಲು ನೀನು ಹೋಗಿ ಆಕಾಶ ನೋಡಿಕೊಂಡು ಬಾ" ಅಂದಳು.